ಅರ್ಧ ಲಾಳ

ನಮ್ಮ ಮನೆಯ ಪಡುವಣ ಕಿಟಕಿಯ ಕೊಂಡಿ ಮುರಿದು ಎಷ್ಟೋ ವರ್ಷಗಳಾದವು. ಪ್ರತಿ ಮಳೆಗಾಲದ ಮುಂಚೆ ಹೊಸದು ಹಾಕಿಸಬೇಕೆಂದು ಅಂದುಕೊಳ್ಳುತ್ತೇನೆ, ಮಳೆ ನಿಂತ ಮೇಲೆ ಮರೆತುಬಿಡುತ್ತೇನೆ. ಸಮುದ್ರದ ಗಾಳಿಗೆ ಕಿಟಕಿ ದಡಬಡ ಬಡಿದುಕೊಳ್ಳದ ಹಾಗೆ ಅದರ ಸಂದಿಗೆ ಒಂದು ಕಬ್ಬಿಣದ ತುಂಡು ಸಿಕ್ಕಿಸಿಡುವುದು ನನ್ನ ರೂಢಿ. ಬೆರಳಿಗಿಂತ ಸ್ವಲ್ಪ ಉದ್ದ, ಬಿದಿಗೆಯ ಚಂದ್ರನ ಹಾಗೆ ಬಾಗಿದ್ದು, ಅಂಚಿನಲ್ಲಿ ಮೊಳೆಯ ತೂತುಗಳು. ಮನೆಗೆ ಬಂದವರು ಅದನ್ನು ನೋಡುತ್ತಾರೆ, ಕೇಳುವುದಿಲ್ಲ. ಮುದುಕಿಯ ಮನೆಯಲ್ಲಿ ಇಂಥ ಚೂರುಪಾರು ಇರುವುದೇ ಎಂದು ಬಿಟ್ಟುಬಿಡುತ್ತಾರೆ.

ಮೊನ್ನೆ ಬಂದ ಮೊಮ್ಮಗಳ ಗಂಡ ಬಿಡಲಿಲ್ಲ. ಅವನು ದನದ ಡಾಕ್ಟರ. ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಇದು ಎತ್ತಿನ ಲಾಳ ಅಲ್ಲವೇ ಅಜ್ಜಿ ಎಂದ. ಎತ್ತಿನದೇ, ಆದರೆ ಹೊಡೆದದ್ದು ಕುದುರೆಗೆ ಎಂದೆ. ವಯಸ್ಸಾದವರ ತಲೆ ಸ್ವಲ್ಪ ಆಚೀಚೆಯಾದಾಗ ಮನೆಯವರು ಒಂದು ರೀತಿ ನೋಡುತ್ತಾರಲ್ಲ, ಹಾಗೆ ನೋಡಿದ. ಸಿಕ್ಕಿದ ಅವಕಾಶ ಬಿಡಬಾರದೆಂದು ನಾನು ಅವನನ್ನೇ ಹಿಡಿದುಕೊಂಡೆ. ಹುಡುಗಿಯಾಗಿದ್ದಾಗಿನಿಂದ ನನ್ನ ತಲೆ ತಿನ್ನುತ್ತಿರುವ ಒಂದು ಪ್ರಶ್ನೆ ಇದೆ, ಕಲ್ಲುನೆಲದಲ್ಲಿ ನಡೆಯುವ ಕುದುರೆಗೆ ಲಾಳ ಹೊಡೆಸಿದರೆ ಗೊರಸಿನ ನೋವು ತಪ್ಪುತ್ತದೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳು ಎಂದೆ. ಅವನು ತಪ್ಪುತ್ತದೆ ಎಂದು ಶುರುಮಾಡಿದ. ಆಮೇಲೆ ಆದರೆ ಎಂದ. ಅದು ನೆಲದ ಮೇಲೆ ಹೋಗುತ್ತದೆ, ಹೊಡೆಯುವವನ ಕೈಯ ಮೇಲೆ ಹೋಗುತ್ತದೆ, ಹೊರೆಯ ಮೇಲೆ ಹೋಗುತ್ತದೆ, ಕೆಲವು ಕುದುರೆಗಳಿಗೆ ಲಾಳವೇ ಬೇಡ ಎಂದ. ಕೊನೆಗೆ ಚಹಾ ಕುಡಿದು ಎದ್ದುಹೋದ. ನನಗೆ ಒಳಗೊಳಗೇ ಸಮಾಧಾನವಾಯಿತು. ಇಷ್ಟು ಓದಿದವನಿಗೇ ಗೊಂದಲವಾದರೆ ನನಗಾದದ್ದರಲ್ಲಿ ತಪ್ಪೇನು?

ನಿಮಗೆ ಅನಿಸಬಹುದು, ಕರಾವಳಿಯ ಹೆಂಗಸಿಗೆ ಕುದುರೆಯ ಕಾಲಿನ ಉಸಾಬರಿ ಯಾಕೆ ಎಂದು. ನಮ್ಮ ಕಡೆ ದೋಣಿ ಗೊತ್ತು, ಎತ್ತು ಗೊತ್ತು, ಕೋಣ ಗೊತ್ತು. ಕುದುರೆ ಎಂದರೆ ದೇವಸ್ಥಾನದ ಗೋಡೆಯ ಮೇಲೆ ಕಂಡದ್ದು. ಆದರೆ ನನ್ನ ಮಟ್ಟಿಗೆ ಸಾವಿರದ ಒಂಬೈನೂರ ಮೂವತ್ತರ ಆ ದಶಕದಲ್ಲಿ, ನಾನು ಹುಡುಗಿಯಾಗಿದ್ದ ಕಾಲದಲ್ಲಿ, ನನ್ನ ವಿದ್ಯೆಯೆಲ್ಲ ಒಂದು ಕುದುರೆಯ ಗೊರಸಿಗೆ ಕಟ್ಟಿಬಿದ್ದಿತ್ತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ನಮ್ಮ ಮನೆ ಅಂಕೋಲೆಯ ಪಕ್ಕದ ಕೇಣಿಯಲ್ಲಿ, ಮೀನುಗಾರರ ಕೇರಿಯಿಂದ ಸ್ವಲ್ಪ ಮೇಲಕ್ಕೆ. ಕೆಳಗೆ ಗದ್ದೆ, ಹಿಂದೆ ಗುಡ್ಡ, ಗುಡ್ಡದ ಮೇಲೆ ಮಾವು ಮತ್ತು ಗೇರು. ಅಪ್ಪ ಕನ್ನಡ ಶಾಲೆಯ ಕೊನೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಅಲ್ಲಿಗೇ ನಿಂತವನು. ಮುಂದೆ ಓದಿದ್ದರೆ ತಾನು ಏನಾಗುತ್ತಿದ್ದೆ ಎಂಬ ಲೆಕ್ಕವನ್ನು ಗದ್ದೆಯ ಬದುವಿನ ಮೇಲೆ ಕೂತು ಹಾಕುತ್ತಿದ್ದ. ಗಂಡುಮಕ್ಕಳಿಲ್ಲದ ಅವನಿಗೆ ನನ್ನನ್ನು ಮೆಟ್ರಿಕ್ ಮಾಡಿಸುವ ಹುಚ್ಚು ಹತ್ತಿತು. ಅಂಕೋಲೆಯಲ್ಲಿ ಇಂಗ್ಲಿಷ್ ಶಾಲೆ ಇತ್ತು, ಮೈನೆರೆಯುವ ತನಕ ಅಪ್ಪನ ಜೊತೆ ಹೋಗಿಬರುತ್ತಿದ್ದೆ. ನಡೆದರೆ ಒಂದು ಗುಡ್ಡ ಹತ್ತಿ ಇಳಿಯುವಷ್ಟು ದೂರ. ಅಡ್ಡ ಬಂದದ್ದು ದೂರವಲ್ಲ, ಅಜ್ಜಿ.

ಅಜ್ಜಿ ಎಂದರೆ ಅಪ್ಪನ ತಾಯಿ. ಎತ್ತರದ ಆಳು, ಸೀರೆಯನ್ನು ಮೊಣಕಾಲಿನ ಹತ್ತಿರಕ್ಕೆ ಎತ್ತಿ ಕಟ್ಟಿ ಮನೆ, ಗದ್ದೆ, ಗುಡ್ಡ ಎಲ್ಲವನ್ನೂ ಬರಿಗಾಲಲ್ಲಿ ಆಳುತ್ತಿದ್ದಳು. ಅವಳ ಮಾತಿಗೆ ಮನೆಯಲ್ಲಿ ಎದುರು ಮಾತಿರಲಿಲ್ಲ. ಮೈನೆರೆದ ಹುಡುಗಿ ಪೇಟೆಯ ನಡುವೆ, ಮೀನುಮಾರ್ಕೆಟ್ಟಿನ ಪಕ್ಕದಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ ಕೂತವರ ಕಣ್ಣೆದುರಿಗೆ ನಡೆದುಹೋಗುವುದು ಎಂದರೆ ಏನು ಎಂದು ಕೇಳಿದಳು. ಅಪ್ಪ ಗಾಡಿಯಲ್ಲಿ ಕಳಿಸುತ್ತೇನೆ ಎಂದ. ಎತ್ತು ಗದ್ದೆಗೆ ಬೇಡವೋ ಎಂದಳು. ನನ್ನ ಓರಗೆಯ ದೊಡ್ಡಪ್ಪನ ಮಗಳಿಗೆ ಆಗಲೇ ಮದುವೆ ಗೊತ್ತಾಗಿತ್ತು. ಶಾಲೆ ಬಿಟ್ಟ ಹುಡುಗಿಗೆ ಮುಂದೆ ಇದ್ದದ್ದು ಅದೊಂದೇ ದಾರಿ, ಮತ್ತು ಆ ದಾರಿಯ ಹೆಸರೆತ್ತಿದರೆ ನಾನು ಅಲ್ಲಿಂದ ಎದ್ದುಹೋಗುತ್ತಿದ್ದೆ.

ಆಗ ನಡುವೆ ಬಂದವನು ಹಬ್ಬುವಾಡದ ಮಾವ, ಅವ್ವನ ಅಣ್ಣ. ಹತ್ತಿರದ ಕಾರವಾರದ ಕಚೇರಿಯಲ್ಲಿ ಕಾರಕೂನ. ಅವನಿಗೆ ತಿಳಿಯದ ವಿಷಯ ಪ್ರಪಂಚದಲ್ಲಿ ಇರಲಿಲ್ಲ, ಅಥವಾ ಇದ್ದರೂ ಅದು ಅವನಿಗೆ ತಿಳಿದಿರಲಿಲ್ಲ. ಕಾರವಾರದಿಂದ ವರ್ಗವಾಗಿ ಹೋಗುತ್ತಿದ್ದ ಒಬ್ಬ ಸಾಹೇಬ ತನ್ನ ಮುದಿಯಾಗತೊಡಗಿದ ಕುದುರೆಯನ್ನು ಯಾರಾದರೂ ಒಳ್ಳೆಯವರಿಗೆ ಕೊಟ್ಟುಬಿಡಬೇಕೆಂದಿದ್ದನಂತೆ. ಒಳ್ಳೆಯವರು ಎಂದರೆ ನಮ್ಮ ಭಾವನೇ ಎಂದು ಮಾವ ಹೇಳಿಬಿಟ್ಟ. ಹೀಗೆ ಅಪ್ಪ ಕುದುರೆಯ ಧಣಿಯಾದ. ಅದನ್ನು ಕಾರವಾರದಿಂದ ನಡೆಸಿಕೊಂಡೇ ತಂದ. ಮನೆ ಮುಟ್ಟುವಾಗ ಅಪ್ಪನೂ ಕುಂಟುತ್ತಿದ್ದ, ಕುದುರೆಯೂ ಕುಂಟುತ್ತಿತ್ತು. ಅವ್ವ ಬಿಸಿನೀರು ಕಾಯಿಸಿ ಇಬ್ಬರಿಗೂ ಕೊಟ್ಟಳು.

ಸಾಹೇಬ ಅದನ್ನು ಡ್ಯೂಕ್ ಎಂದು ಕರೆಯುತ್ತಿದ್ದನಂತೆ. ಅಜ್ಜಿಗೆ ಅದು ಕೊಂಕಣಿಯಲ್ಲಿ ಹಂದಿಯನ್ನು ಕರೆದ ಹಾಗೆ ಕೇಳಿಸಿತು. ಮನೆಯ ಪ್ರಾಣಿಗೆ ಡುಕರ ಎನ್ನುವುದೇ ಎಂದು ಅಂದೇ ಶಂಕರ ಎಂದು ಹೆಸರು ಬದಲಿಸಿದಳು. ಬೈಯುವಾಗಲಾದರೂ ದೇವರ ಹೆಸರು ಬಾಯಿಗೆ ಬರಲಿ ಎಂಬುದು ಅವಳ ವಿಚಾರ. ಕುದುರೆ ಎರಡು ಹೆಸರಿಗೂ ಓಗೊಡಲಿಲ್ಲ.

ಹಗುರಾದ ಒಂದು ಗಾಡಿಗೆ ಮೇಲ್ಮುಚ್ಚಿಗೆಯಾಗಿ ಮಾಡು ಕಟ್ಟಿಸಿ, ಕುದುರೆ ಹೂಡಿ, ಅಪ್ಪ ಅಜ್ಜಿಯ ಮುಂದೆ ನಿಲ್ಲಿಸಿದ. ಅಜ್ಜಿ ಗಾಡಿಯನ್ನು ಒಂದು ಸುತ್ತು ಹಾಕಿದಳು, ಕುದುರೆಯನ್ನು ಒಂದು ಸುತ್ತು ಹಾಕಿದಳು. ಆಮೇಲೆ ಅಂದಳು:

"ಕುದ್ರೆ ಹೋಗುವಷ್ಟು ದಿನ ಹುಡ್ಗಿನೂ ಹೋಗ್ಲಿ. ಕುದ್ರೆ ನಿಂತ ದಿನ ಶಾಲೆ ನಿಂತ ಹಾಂಗೆ. ಮತ್ತೆ ನನ್ನ ಹತ್ರ ಕೇಳುಕೆ ಬರೂದು ಬೇಡ."

ಇದು ನಮ್ಮ ಮನೆಯ ಕಾಯಿದೆಯಾಯಿತು. ಮೇಲಾಗಿ, ಅಪ್ಪ ಗಾಡಿ ಹೊಡೆಯುವಾಗ ಅಜ್ಜಿ ನನ್ನ ಪಕ್ಕದಲ್ಲಿ ಕೂತು ಶಾಲೆಯ ತನಕ ಬರುತ್ತಿದ್ದಳು. ಕಾವಲು ಯಾರಿಗೆ, ನನಗೋ ಅಪ್ಪನಿಗೋ, ತಿಳಿಯುತ್ತಿರಲಿಲ್ಲ.

ಮಳೆಗಾಲ ಸುಖವಾಗಿ ಕಳೆಯಿತು. ರಾಡಿಯಲ್ಲಿ ಚಕ್ರ ಹುಗಿಯುತ್ತಿತ್ತು, ಆದರೆ ಕುದುರೆ ಕುಂಟಲಿಲ್ಲ. ದೀಪಾವಳಿ ಮುಗಿದು ನೆಲ ಒಣಗಿತು ನೋಡಿ, ಕೇಣಿಯ ಗುಡ್ಡ ತನ್ನ ಹಲ್ಲು ತೋರಿಸಿತು. ಆ ಗುಡ್ಡದ ನೆತ್ತಿ ಪೂರ್ತಿ ಚಿರೆಕಲ್ಲು. ಮಳೆ ತೊಳೆದು ತೊಳೆದು ತೂತು ತೂತಾದ ಕೆಂಪು ಹಾಸುಗಲ್ಲು, ಅದರ ಮೇಲೆ ಹುರಿದ ಕಡಲೆಯ ಹಾಗೆ ಚೆಲ್ಲಿದ ಹರಳು. ನಾವು ಮಕ್ಕಳು ಅಲ್ಲಿ ಹಿಮ್ಮಡಿ ಊರದೆ ತುದಿಗಾಲಲ್ಲಿ ಜಿಗಿಯುತ್ತ ದಾಟುವುದು ಕಲಿತಿದ್ದೆವು. ಆಗ ಹುಡುಗಿಯರಿಗೆ ಚಪ್ಪಲಿ ಎಂಬ ಮಾತೇ ಇರಲಿಲ್ಲ. ಕಾಲಿಗೆ ಮುಳ್ಳು ಮುರಿದರೆ ಅವ್ವನ ಸೂಜಿ, ಹಿಮ್ಮಡಿ ಒಡೆದರೆ ಅಜ್ಜಿಯ ಗೇರೆಣ್ಣೆ. ಗೇರುಬೀಜದ ಸಿಪ್ಪೆ ಸುಟ್ಟಾಗ ಒಸರುವ ಆ ಕಪ್ಪು ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಒಡೆದ ಹಿಮ್ಮಡಿಗೆ ಹಚ್ಚಿದರೆ ಬಿರುಕು ಕೂಡುತ್ತದೆ. ಅಜ್ಜಿಯ ಹಿಮ್ಮಡಿ ಆ ಎಣ್ಣೆ ಕುಡಿದು ಕುಡಿದು ದೋಣಿಯ ತಳದಷ್ಟು ಕಪ್ಪಗಾಗಿತ್ತು. ಶಂಕರನ ಕಾಲು ಮಾತ್ರ ಕಾರವಾರದ ಮರಳಿನಲ್ಲಿ ಸಂಜೆಯ ಹವೆ ಸೇವಿಸಿದ ಕಾಲು. ಸಾಹೇಬ ಮರಳಿಗೆ ಬೇಡವೆಂದು ಇದ್ದ ಲಾಳವನ್ನೂ ತೆಗೆಸಿಬಿಟ್ಟಿದ್ದನಂತೆ. ಗುಡ್ಡದ ನೆತ್ತಿಗೆ ಬಂದ ಕೂಡಲೇ ಅದು ತಲೆ ಕುಣಿಸುತ್ತ ಕುಂಟತೊಡಗಿತು.

ಕುಂಟುವುದು ಯಾವ ಕಾಲು ಎಂಬುದರಲ್ಲೇ ಮೊದಲ ಗೊಂದಲ. ಮುಂಗಾಲೇ ಎಂಬುದು ಎಲ್ಲರಿಗೂ ಒಪ್ಪಿಗೆ. ಗಾಡಿಯಲ್ಲಿ ಕೂತ ನನಗೆ ಎಡಗಾಲು ಕುಂಟಿದ ಹಾಗೆ ಕಾಣುತ್ತಿತ್ತು. ಇಳಿದು ಮುಂದೆ ಹೋಗಿ ನೋಡಿದ ಅಪ್ಪ ಬಲಗಾಲು ಎಂದ. ಇಬ್ಬರೂ ನಮ್ಮ ನಮ್ಮ ಕೈ ಎತ್ತಿ ತೋರಿಸಿದೆವು. ನಮ್ಮಿಬ್ಬರ ಕೈಯೂ ಒಂದೇ ಕಾಲಿನ ಕಡೆ ಇತ್ತು ಎಂದು ತಿಳಿಯಲು ಎಷ್ಟೋ ಹೊತ್ತು ಹಿಡಿಯಿತು. ಅಷ್ಟರಲ್ಲಿ ಶಾಲೆಯ ಪ್ರಾರ್ಥನೆ ಮುಗಿದಿತ್ತು. ನಾನು ರಾತ್ರಿ ಹಾಸಿಗೆಯಲ್ಲಿ ಮಲಗಿ ದೇವರಲ್ಲಿ ಬೇಡಿಕೊಂಡೆ. ನನಗೆ ಬುದ್ಧಿ ಕೊಡು ಎಂದು ಕೇಳಲಿಲ್ಲ, ಶಂಕರನಿಗೆ ಕಾಲು ಕೊಡು ಎಂದು ಕೇಳಿದೆ. ನಿಜ ಹೇಳಬೇಕೆಂದರೆ ಆ ಕುದುರೆಯ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಪ್ರೀತಿ ಇದ್ದದ್ದು ಅದರ ಕಾಲಿನ ಮೇಲೆ.

ಸುದ್ದಿ ಹೋದ ಕೂಡಲೇ ಮಾವ ಸರ್ವಿಸ್ ಮೋಟಾರು ಹತ್ತಿ ಬಂದ. ಅಪ್ಪ ನಾಲ್ಕೂ ಕಾಲಿಗೆ ಲಾಳ ಹೊಡೆಸುತ್ತೇನೆ ಎಂದ. ಮಾವ ನಕ್ಕ. ಕಾಡಿನ ಕುದುರೆಗೆ ಲಾಳ ಹೊಡೆಯುವವರು ಯಾರು, ಅವು ಬೆಟ್ಟಗುಡ್ಡ ಓಡುವುದಿಲ್ಲವೇ, ಲಾಳ ಹೊಡೆದಷ್ಟೂ ಗೊರಸು ಮೆತ್ತಗಾಗುತ್ತದೆ ಎಂದ. ಹಾಗಾದರೆ ನೀನು ಬೂಟು ಯಾಕೆ ಹಾಕಿಕೊಂಡಿದ್ದೀ ಭಾವ ಎಂದು ಅಪ್ಪ ಕೇಳಿದ. ಮಾವ ಬೂಟನ್ನು ಬೆಂಚಿನ ಅಡಿಗೆ ಎಳೆದುಕೊಂಡ. ವಾದ ಊಟದ ತನಕ ನಡೆಯಿತು. ಊಟವಾದ ಮೇಲೆ ಮಾವನಿಗೆ ಒಂದು ಉಪಾಯ ಹೊಳೆಯಿತು. ಎಡಗಡೆಯ ಎರಡು ಕಾಲಿಗೆ ಲಾಳ ಹೊಡೆಸುವುದು, ಬಲಗಡೆಯ ಎರಡನ್ನು ಬರಿದೇ ಬಿಡುವುದು. ಯಾವ ಕಡೆ ಕುಂಟುತ್ತದೋ ನೋಡಿದರೆ ಸತ್ಯ ತಾನೇ ಗೊತ್ತಾಗುತ್ತದೆ. ಅಪ್ಪನಿಗೂ ಇದು ಹಿಡಿಸಿತು. ಮುಲ್ಕಿಯ ಪುಸ್ತಕದಲ್ಲಿ ಇಂಥದ್ದೇನೋ ಓದಿದ ನೆನಪು ಅವನಿಗೆ.

ಹೊಡೆಯುವವರು ಯಾರು? ಅಂಕೋಲೆಯಲ್ಲಿ ಘಟ್ಟದ ಮೇಲಿನ ಗಾಡಿಗಳು ತಂಗುವ ಜಾಗದಲ್ಲಿ ಖಾದರಸಾಬ ಎಂಬವನಿದ್ದ. ಹುಬ್ಬಳ್ಳಿ ಕಡೆಯವನು. ಘಟ್ಟ ಹತ್ತುವ ಎತ್ತುಗಳಿಗೆ ಲಾಳ ಕಟ್ಟುವುದು ಅವನ ಕಸುಬು. ಎತ್ತಿಗೆ ಹೇಗೆ ಎಂದರೆ, ಕಾಲಿಗೆ ಹಗ್ಗ ಸುತ್ತಿ ಒಂದು ಎಳೆತ ಎಳೆದು ನೆಲಕ್ಕೆ ಕೆಡವುವುದು, ನಾಲ್ಕೂ ಕಾಲು ಸೇರಿಸಿ ಕಟ್ಟುವುದು, ಸೀಳಿದ ಗೊರಸಿನ ಒಂದೊಂದು ಹೋಳಿಗೂ ಒಂದೊಂದು ಬಿಲ್ಲೆ ಇಟ್ಟು ಮೊಳೆ ಬಡಿಯುವುದು. ಎತ್ತುಗಳಿಗೂ ಅದು ರೂಢಿ, ಬಿದ್ದ ಕಡೆಯಲ್ಲೇ ಮೆಲುಕು ಹಾಕುತ್ತಿರುತ್ತವೆ. ಅಪ್ಪ ಕುದುರೆ ತಂದು ನಿಲ್ಲಿಸಿದಾಗ ಖಾದರಸಾಬ ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡ. ತನಗೆ ಕುದುರೆ ಹೊಸದು ಎಂದು ಹೇಳಿಯೇ ಹಗ್ಗ ಕೈಗೆತ್ತಿಕೊಂಡ.

ಮುಂದಿನದನ್ನು ನಾನು ಗಾಡಿಯ ಮಾಡಿನ ಸಂದಿಯಿಂದ ನೋಡಿದ್ದು. ಖಾದರಸಾಬ ಒಂದು ಕಡೆಯಿಂದ ಎಳೆದ, ಅಪ್ಪ ಮತ್ತೊಂದು ಕಡೆಯಿಂದ ಎಳೆದ, ಮಾವ ಹಿಂದೆ ನಿಂತು ಹೇಗೆ ಎಳೆಯಬೇಕೆಂದು ಹೇಳಿದ. ಶಂಕರ ಬೀಳಲಿಲ್ಲ. ಮೂರು ಜನರ ಸುತ್ತಲೂ ಹಗ್ಗ ಸುತ್ತಿ ಬಂದು, ಮಾವನನ್ನು ಹುಲ್ಲಿನ ರಾಶಿಯ ಮೇಲೆ ಕೂರಿಸಿ, ಅಪ್ಪನ ಟೊಪ್ಪಿಗೆ ತುಳಿದು ನಿಂತಿತು. ಕೆಡವಲಾಗದ ಪ್ರಾಣಿಗೆ ಲಾಳ ಹೊಡೆಯುವುದು ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಖಾದರಸಾಬ ಬೆವರು ಒರೆಸಿಕೊಳ್ಳುತ್ತ ಕುಕ್ಕುರುಗಾಲಲ್ಲಿ ಕೂತ. ಅವನು ಕೂತದ್ದೇ ತಡ, ಕುದುರೆ ಬಂದು ತನ್ನ ಮುಂಗಾಲನ್ನು ತಾನೇ ಮಡಚಿ ಅವನ ತೊಡೆಯ ಮೇಲೆ ಇಟ್ಟಿತು. ಸಾಹೇಬನ ಮನೆಯಲ್ಲಿ ಕಲಿತದ್ದು ಅದಕ್ಕೆ ಮರೆತಿರಲಿಲ್ಲ. ಆ ಗುಂಪಿನಲ್ಲಿ ಲಾಳದ ಕೆಲಸ ಬಲ್ಲದ್ದು ಅದೊಂದೇ.

ಕುದುರೆಯ ಗೊರಸು ಸೀಳಿಲ್ಲವಲ್ಲ, ಖಾದರಸಾಬನ ಹತ್ತಿರ ಇದ್ದದ್ದು ಎತ್ತಿನ ಅರ್ಧ ಬಿಲ್ಲೆಗಳು. ಅವನು ಗೊರಸಿನ ಅಂಚಿಗೆ ಆಚೆಗೊಂದು ಈಚೆಗೊಂದು ಇಟ್ಟು, ನಡುವೆ ಸಂದು ಬಿಟ್ಟು ಹೊಡೆದ. ನೋಡಲು ಕುದುರೆಗೆ ಎತ್ತಿನ ಕಾಲು ಬಂದ ಹಾಗಿತ್ತು. ಮುಂದಿನದು ಒಂದು, ಹಿಂದಿನದು ಒಂದು ಮುಗಿಸಿ ಅವನು ಎದ್ದ ಮೇಲೆ ಮಾವ ಸುತ್ತು ಬಂದು ನೋಡಿದ, ಮತ್ತೆ ನೋಡಿದ, ಆಮೇಲೆ ತಲೆಗೆ ಕೈಹೊತ್ತ. ಮುಂಗಾಲಲ್ಲಿ ಲಾಳ ಬಲಗಡೆಗೆ ಬಿದ್ದಿತ್ತು, ಹಿಂಗಾಲಲ್ಲಿ ಎಡಗಡೆಗೆ. ಎಡಗಡೆ ಎಂದು ಹೇಳಿರಲಿಲ್ಲವೇ ಎಂದು ಮಾವ ಕೇಳಿದ.

"ಎಡಾ ಅಂದ್ರಿ, ನನ್ನ ಎಡಗೈ ಕಡೇದ ಹೊಡದೇನ್ರಿ. ಎದರಿಗೆ ನಿಂತಾಗೂ ನನ್ನ ಎಡಾನ, ಹಿಂದ ನಿಂತಾಗೂ ನನ್ನ ಎಡಾನ. ಕುದುರಿ ಎಡಾ ಅಂತ ನೀವು ಹೇಳಲಿಲ್ಲಲ್ರಿ."

ಹೀಗೆಂದು ಖಾದರಸಾಬ ತನ್ನ ಎಡಗೈ ಎತ್ತಿ ತೋರಿಸಿದ. ಅಪ್ಪ ಇದೇ ಒಳ್ಳೆಯದಾಯಿತು, ಮುಂದೂ ಒಂದು ಹಿಂದೂ ಒಂದು ಸಿಕ್ಕಿತು ಎಂದ. ಮಾವ ಪರೀಕ್ಷೆ ಕೆಟ್ಟಿತು ಎಂದು ಹಬ್ಬುವಾಡಕ್ಕೆ ಹೋದ. ಆದರೆ ಪ್ರತಿ ಭೇಟಿಯಲ್ಲೂ ಕಾಲು ತೊಳೆಯುವ ಮೊದಲೇ, ಈಗ ಯಾವುದು ಕುಂಟುತ್ತಿದೆ ಎಂದು ಕೇಳುವುದನ್ನು ಬಿಡಲಿಲ್ಲ.

ಏನು ಹೇಳುವುದು? ಒಂದು ವಾರ ಲಾಳವಿದ್ದ ಮುಂಗಾಲು ಚೆನ್ನಾಗಿತ್ತು, ಬರಿಗಾಲು ಕುಂಟಿತು. ಅಪ್ಪ ಗೆದ್ದ. ಮುಂದಿನ ವಾರ ಬರಿಗಾಲು ಚೆನ್ನಾಯಿತು, ಲಾಳದ ಕಾಲು ಕುಂಟಿತು. ಮಾವ ಗೆದ್ದ. ಆಮೇಲೆ ಎರಡೂ ಚೆನ್ನಾಗಿದ್ದವು, ಯಾರೂ ಗೆಲ್ಲಲಿಲ್ಲ. ನಾನು ಶಾಲೆಯಲ್ಲಿ ಭೂಮಿತಿಯ ಸಿದ್ಧಾಂತ ಕಲಿಯುತ್ತಿದ್ದೆ. ಇದು ಹೀಗಿರುವುದರಿಂದ ಅದು ಹಾಗೆ ಎಂದು ಮಾಸ್ತರರು ಬೋರ್ಡಿನ ಮೇಲೆ ಬರೆಯುವಾಗ, ನಮ್ಮ ಮನೆಯ ಕುದುರೆಯನ್ನು ಇವರು ಒಮ್ಮೆ ನೋಡಬೇಕು ಅನಿಸುತ್ತಿತ್ತು.

ಇದರ ಒಳಗುಟ್ಟು ಒಂದು ಸಂಜೆ ಬಯಲಾಯಿತು. ಹುಲ್ಲು ಹಾಕಲು ಕೊಟ್ಟಿಗೆಗೆ ಹೋದರೆ ಅಜ್ಜಿ ಅಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಾಳೆ. ಶಂಕರನ ಬರಿಗಾಲು ಅವಳ ತೊಡೆಯ ಮೇಲೆ. ತೆಂಗಿನ ಸಿಪ್ಪೆಯ ಕುಂಚ ಅದ್ದಿ ಅದ್ದಿ ಗೊರಸಿಗೆ ಗೇರೆಣ್ಣೆ ಬಳಿಯುತ್ತಿದ್ದಾಳೆ. ದಿನ ಬೆಳಗಾದರೆ ಈ ಹೊಟ್ಟೆಬಾಕ ಯಾಕೆ ಬೇಕಿತ್ತು ಎಂದು ಗೊಣಗುವವಳು! ನನ್ನನ್ನು ಕಂಡವಳು, ಎಣ್ಣೆ ಉಳಿದಿತ್ತು, ಚೆಲ್ಲುವುದು ಯಾಕೆ ಅಂತ ಹಚ್ಚಿದೆ ಎಂದಳು. ಯಾವ ದಿನದಿಂದ ಹಚ್ಚುತ್ತಿದ್ದಾಳೆ, ಯಾವ ಕಾಲಿಗೆ, ದಿನವೂ ಹಚ್ಚುತ್ತಾಳೋ ಮನಸ್ಸು ಬಂದಾಗಲೋ, ಒಂದಕ್ಕೂ ಸರಿಯಾಗಿ ಉತ್ತರ ಸಿಗಲಿಲ್ಲ. ಹೀಗಾಗಿ ನಮ್ಮ ಕುದುರೆಯ ಎರಡು ಕಾಲಿಗೆ ಎತ್ತಿನ ಲಾಳ, ಉಳಿದೆರಡಕ್ಕೆ ಮನುಷ್ಯರ ಔಷಧ. ಯಾವುದರಿಂದ ಯಾವುದು ವಾಸಿಯಾಯಿತು ಎಂದು ದೇವರೇ ಇಳಿದುಬಂದರೂ ಹೇಳಲಾರ. ನಾನು ಮಾವನಿಗೆ ತಿಳಿಸಲಿಲ್ಲ. ಪಾಪ, ಅವನಿಗೆ ರಕ್ತದೊತ್ತಡ ಇತ್ತು.

ವಾರ್ಷಿಕ ಪರೀಕ್ಷೆ ಹತ್ತಿರ ಬಂತು. ಇಂಗ್ಲಿಷ್ ಐದನೇ ಇಯತ್ತೆ, ಮೆಟ್ರಿಕ್ಕಿಗೆ ಇನ್ನೆರಡು ವರ್ಷ. ಗೇರುಹಣ್ಣಿನ ವಾಸನೆ ಗುಡ್ಡ ತುಂಬಿತ್ತು, ಚಿರೆಕಲ್ಲು ಬೆಳಗ್ಗೆಯೇ ಬಿಸಿಯಾಗುತ್ತಿತ್ತು. ಪಾಸಾದರೆ ಮುಂದಿನ ತರಗತಿ, ತಪ್ಪಿದರೆ ಆ ವರ್ಷದ ಮದುವೆಯ ಹಂಗಾಮಿಗೇ ನನ್ನ ಜಾತಕ ಹೊರಬೀಳುವುದು ಖಂಡಿತ. ದೊಡ್ಡಪ್ಪ ಆಗಲೇ ಗೋಕರ್ಣದ ಕಡೆಯ ಒಂದು ಮನೆಯ ಮಾತು ತೆಗೆದಿದ್ದ. ಶಂಕರ ಆ ವಾರ ಮತ್ತೆ ಕುಂಟತೊಡಗಿತು. ಕಾರವಾರಕ್ಕೆ ನಿಜವಾದ ಕುದುರೆ ಲಾಳ ಹೊಡೆಯುವವನೊಬ್ಬ ಬಂದಿದ್ದಾನೆ ಎಂದು ಮಾವ ಹೇಳಿ ಕಳಿಸಿದ. ಅಪ್ಪ ಪರೀಕ್ಷೆಯ ಮುನ್ನಾದಿನ ಸಂಜೆಯೊಳಗೆ ಬರುತ್ತೇನೆಂದು ಹೋದವನು ಬರಲೇ ಇಲ್ಲ. ಮೋಟಾರು ತಪ್ಪಿತ್ತು.

ಬೆಳಗ್ಗೆ ಅಜ್ಜಿ ತಾನೇ ಗಾಡಿ ಹೂಡಿದಳು. ಲಗಾಮನ್ನು ಹಸುವಿನ ಕಣ್ಣಿಯ ಹಾಗೆ ಕೈಗೆ ಸುತ್ತಿಕೊಂಡು ಮುಂದೆ ಕೂತಳು. ಕೇಣಿಯ ಕೊನೆಯ ಮನೆ ದಾಟುವ ತನಕ ಎಲ್ಲವೂ ಸರಿಯಿತ್ತು. ಗುಡ್ಡದ ನೆತ್ತಿಯಲ್ಲಿ ಟಣ್ ಎಂದು ಸಪ್ಪಳವಾಯಿತು, ಶಂಕರ ನಿಂತಿತು. ಬಲಗಡೆಯ ಮುಂಗಾಲಿನ ಲಾಳದಲ್ಲಿ ಹೊರಗಿನ ಅರ್ಧ ಕಿತ್ತು ಬಿದ್ದಿತ್ತು. ಒಳಗಿನ ಅರ್ಧ ಇನ್ನೂ ಅಂಟಿಕೊಂಡಿತ್ತು. ಕಾಲು ಊರಿದರೆ ವಾಲುತ್ತಿತ್ತು, ಎತ್ತಿದರೆ ನಡುಗುತ್ತಿತ್ತು. ಈಗ ನೋವು ಲಾಳ ಇದ್ದದ್ದರಿಂದಲೋ ಇಲ್ಲದ್ದರಿಂದಲೋ ಎಂದು ನನಗೆ ಆ ಹೊತ್ತಿನಲ್ಲೂ ಹೊಳೆದದ್ದು ನೆನಪಿದೆ. ಮರುಗಳಿಗೆ ಕಣ್ಣಲ್ಲಿ ನೀರು ಬಂತು. ಕುದುರೆ ನಿಂತಿತ್ತು. ಕಾಯಿದೆ ಮಾಡಿದವಳು ನನ್ನ ಮುಂದೆಯೇ ಕೂತಿದ್ದಳು.

ಅಜ್ಜಿ ಇಳಿದಳು. ಬಿದ್ದ ತುಂಡನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕುದುರೆಯ ಕಾಲು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ನಮ್ಮ ಮನೆಯ ಕಡೆ ನೋಡಿದಳು, ಅಂಕೋಲೆಯ ಕಡೆ ನೋಡಿದಳು. ನಾನು ಪುಸ್ತಕದ ಚೀಲ ಅವುಚಿಕೊಂಡು ಗಾಡಿಯಲ್ಲಿ ಕೂತೇ ಇದ್ದೆ. ಅವಳ ಬಾಯಿಂದ ಯಾವ ಮಾತು ಬರುತ್ತದೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಅಜ್ಜಿ ಶಂಕರನನ್ನು ಗಾಡಿಯಿಂದ ಬಿಚ್ಚಿದಳು. ನೊಗದ ಹಗ್ಗವನ್ನೇ ಅದರ ಕೊರಳಿಗೆ ಹಾಕಿದಳು.

"ಇಳಿ. ಕುದ್ರೆ ನಿಲ್ಲಲಿಲ್ಲ, ಗಾಡಿ ನಿಂತದ್ದು."

ಹೀಗೆ ನಾವು ಮೂವರು ಅಂಕೋಲೆಯ ಪೇಟೆ ಹೊಕ್ಕೆವು. ಮುಂದೆ ಹಗ್ಗ ಹಿಡಿದ ಅಜ್ಜಿ, ನಡುವೆ ಕುಂಟುವ ಕುದುರೆ, ಅದರ ಮರೆಯಲ್ಲಿ ನಾನು. ನನ್ನನ್ನು ಎಲ್ಲರೂ ನೋಡುತ್ತಾರೆ ಎಂದು ತಲೆ ತಗ್ಗಿಸಿದ್ದೆ. ಒಬ್ಬರೂ ನೋಡಲಿಲ್ಲ. ಇಡೀ ಪೇಟೆ ಶಂಕರನ ಕಾಲು ನೋಡಿತು. ಚಹಾದಂಗಡಿಯ ಬೆಂಚಿನಿಂದ ಒಬ್ಬ ಎದ್ದು ಬಂದು ಉಳಿದ ಅರ್ಧವನ್ನೂ ಕಿತ್ತುಬಿಡಿ ಎಂದ. ಇನ್ನೊಬ್ಬ ಕಿತ್ತರೆ ಕೆಟ್ಟಿತು, ಬಿದ್ದದ್ದನ್ನು ಮತ್ತೆ ಹೊಡೆಸಿ ಎಂದ. ಮೀನು ಮಾರುವವಳೊಬ್ಬಳು ಬುಟ್ಟಿ ಇಳಿಸಿ, ಉಪ್ಪುನೀರಿನಲ್ಲಿ ನಿಲ್ಲಿಸಿ ಎಂದು ಹೇಳಿದಳು. ಖಾದರಸಾಬ ಓಡಿಬಂದು ಮೊಳೆ ಸಣ್ಣದಾಯಿತು ಎಂದು ಬೇಜಾರು ಮಾಡಿಕೊಂಡ. ಕುದುರೆಯನ್ನೇ ಕಾಣದ ಊರಿನಲ್ಲಿ ಕುದುರೆಯ ಕಾಲಿನ ಬಗ್ಗೆ ಇಷ್ಟು ಜನಕ್ಕೆ ಇಷ್ಟು ಅಭಿಪ್ರಾಯ ಹೇಗೆ ಬಂತು ಎಂದು ಈಗಲೂ ಆಶ್ಚರ್ಯ. ಅಜ್ಜಿ ಹಗ್ಗ ಎಳೆದುಕೊಂಡು ಮುಂದೆ ನಡೆದಳು. ಶಾಲೆಯ ಗೇಟಿನ ಮುಂದೆ ನಿಂತು, ಹೋಗು ಎಂದು ಗದ್ದ ಎತ್ತಿದಳು.

ಪರೀಕ್ಷೆಯಲ್ಲಿ ಏನು ಬರೆದೆನೋ ಗೊತ್ತಿಲ್ಲ, ಪಾಸಾದದ್ದಂತೂ ಹೌದು. ಹೊರಗೆ ಬಂದಾಗ ಅಜ್ಜಿ ಶಾಲೆಯ ಎದುರಿನ ಮಾವಿನ ನೆರಳಲ್ಲಿ ಕೂತಿದ್ದಳು. ಶಂಕರನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ತುರುಬಿನ ಕಡ್ಡಿಯಿಂದ ಗೊರಸಿನೊಳಗಿನ ಹರಳು ತೆಗೆಯುತ್ತಿದ್ದಳು. ಮನೆಗೆ ಹೋಗುವಾಗ ಗುಡ್ಡದ ಮೇಲೆ ನೋಡುತ್ತೇನೆ, ಅಜ್ಜಿಯೂ ಕಾಲೆಳೆಯುತ್ತಿದ್ದಾಳೆ. ಅವಳ ಹಿಮ್ಮಡಿಯ ಬಿರುಕು ಬಾಯಿಬಿಟ್ಟು ಕಲ್ಲಿನ ಮೇಲೆ ಸಣ್ಣಗೆ ರಕ್ತದ ಗುರುತು ಬೀಳುತ್ತಿತ್ತು. ಅಷ್ಟು ವರ್ಷ ಗೇರೆಣ್ಣೆ ಕುಡಿದ ಕಾಲು, ಆ ಕಲ್ಲಿನ ಮೇಲೇ ಬೆಳೆದ ಕಾಲು. ಅವಳಿಗೂ ನೋಯುತ್ತದೆ ಎಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ನೋವಾಗುತ್ತಿದೆಯೇ ಎಂದು ಕೇಳಿದೆ. ಕಲ್ಲು ಅಂದಮೇಲೆ ನೋಯುವುದೇ ಎಂದು ಮುಂದೆ ನಡೆದಳು.

ಸಂಜೆ ಅಪ್ಪ ಬಂದ. ಕಾರವಾರದಿಂದ ನಿಜವಾದ ಕುದುರೆ ಲಾಳ ತಂದಿದ್ದ, ಹೊಳೆಯುವ ಹೊಸ ಕಬ್ಬಿಣ. ಶಂಕರನ ಗೊರಸಿಗೆ ಹಿಡಿದು ನೋಡಿದರೆ ಊಟದ ತಟ್ಟೆಯೊಳಗೆ ಬಟ್ಟಲು ಇಟ್ಟ ಹಾಗಾಯಿತು. ಅದು ಯಾವ ಆನೆಯಂಥ ಕುದುರೆಯದೋ. ಅಪ್ಪ ಅದನ್ನು ಹಿಡಿದುಕೊಂಡೇ ಜಗಲಿಯ ಮೇಲೆ ಕೂತುಬಿಟ್ಟ. ಹುಡುಗಿಯ ಪರೀಕ್ಷೆ ಎಂದು ಬಾಯಿ ತೆರೆದವನು ಅಜ್ಜಿಯ ಮುಖ ನೋಡಿ ಮುಚ್ಚಿದ. ಪರೀಕ್ಷೆ ಇನ್ನೂ ನಾಲ್ಕಾರು ದಿನ ಇತ್ತು. ಗಾಡಿ ಗುಡ್ಡದ ಮೇಲೇ ಮೂಗು ಊರಿ ನಿಂತಿತ್ತು.

ಮರುದಿನ ಬೆಳಗ್ಗೆ ಮಿಂದು, ತಲೆ ಬಾಚಿ, ಚೀಲ ಹಿಡಿದು ಅಂಗಳದಲ್ಲಿ ನಿಂತೆ. ಕೊಟ್ಟಿಗೆಯಲ್ಲಿ ಶಂಕರ ನಿಶ್ಚಿಂತೆಯಿಂದ ಹುಲ್ಲು ಅಗಿಯುತ್ತಿತ್ತು. ಅದರ ನಾಲ್ಕೂ ಗೊರಸು ಗೇರೆಣ್ಣೆಯಲ್ಲಿ ಕರ್ರಗೆ ಮಿನುಗುತ್ತಿದ್ದವು. ಅಪ್ಪ ಜಗಲಿಯ ಕಂಬ ಹಿಡಿದು ನಿಂತಿದ್ದ, ಅವ್ವ ಅಡುಗೆಮನೆಯ ಬಾಗಿಲಲ್ಲಿ. ಅಜ್ಜಿ ತನ್ನ ಹಿಮ್ಮಡಿಗೆ ಬಟ್ಟೆ ಸುತ್ತಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ಹೊತ್ತಾಗುತ್ತಿತ್ತು. ಯಾರೂ ಕುದುರೆ ಬಿಚ್ಚಲಿಲ್ಲ. ನಾನು ಕಾದೆ. ಕೊನೆಗೆ ಅಜ್ಜಿ ತಲೆಯೆತ್ತಿ, ಯಾಕೆ ನಿಂತಿದ್ದೀ ಎಂದು ಕೇಳಿದಳು. ಕುದುರೆ ಎಂದು ಕೊಟ್ಟಿಗೆಯ ಕಡೆ ಕೈ ತೋರಿಸಿದೆ.

"ಕುದ್ರೆಗೆ ಕಾಲ್ನೋವು. ನಿಂಗೆ ಎಂತಾ ಆಯ್ತು?"

ನನಗೆ ಏನೂ ಆಗಿರಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಗುಡ್ಡ ಹತ್ತಿದೆ.